ಹೇಳಿದ ದಿನ ಹೋಗುವುದು: ಗಡಿನಾಡಿನ ಇಗರ್ಜಿ ಮತ್ತು ಹಾಸಿಗೆ ಹಿಡಿದವರ ಮನೆ

(ಕಾಸರಗೋಡಿನ ಉತ್ತರ ಭಾಗದ ಇಗರ್ಜಿಯೊಂದರ (ಚರ್ಚಿನ) ಸಭಾಭವನದಲ್ಲಿ, ಮನೆಭೇಟಿಯ ಸ್ವಯಂಸೇವಕರ ತರಬೇತಿಯ ಆರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ವಂದನೀಯ ಧರ್ಮಗುರುಗಳೇ, ಪಾಲನಾ ಮಂಡಳಿಯ ಸದಸ್ಯರೇ, ವಾಳೆಗಳ, ಅಂದರೆ ಇಗರ್ಜಿಯ ವಾರ್ಡುಗಳ, ಮುಂದಾಳುಗಳಾದ ಗುರಿಕಾರರೇ, ಪಂಚಾಯತಿನಿಂದ ಬಂದಿರುವ ನರ್ಸ್ ಸಿಸ್ಟರ್ ಅವರೇ, ಆಶಾ ಕಾರ್ಯಕರ್ತೆಯರೇ ಮತ್ತು ಈ ಕೆಲಸಕ್ಕೆ ಹೆಸರು ಕೊಟ್ಟಿರುವ ಎಲ್ಲ ಬಂಧುಗಳೇ,

ನನಗೆ ಕೊಟ್ಟ ವಿಷಯ "ಇಗರ್ಜಿ ಮತ್ತು ಸಮಾಜಸೇವೆ" ಎಂದಿತ್ತು. ಅಷ್ಟು ಅಗಲವಾದ ವಿಷಯದ ಮೇಲೆ ಮಾತನಾಡಹೊರಟರೆ ಎಲ್ಲರೂ ತಲೆದೂಗುವಂಥ, ಆದರೆ ನಾಳೆ ಬೆಳಗ್ಗೆ ಯಾರೂ ಏನನ್ನೂ ಮಾಡಬೇಕಾಗದಂಥ ಮಾತುಗಳೇ ಬರುತ್ತವೆ ಎಂಬ ಅಂಜಿಕೆಯಿಂದ ವಿಷಯವನ್ನು ನಾನೇ ಕಿರಿದುಗೊಳಿಸಿಕೊಂಡಿದ್ದೇನೆ. ಹಾಸಿಗೆ ಹಿಡಿದವರ, ದೀರ್ಘಕಾಲದ ಕಾಯಿಲೆಯವರ ಮನೆಗೆ ನಾವು ಹೋಗಿಬರುವ ಕೆಲಸವೊಂದನ್ನೇ ಇಂದು ಎತ್ತಿಕೊಳ್ಳುತ್ತೇನೆ. ಇದರ ಬಗ್ಗೆ ನನಗಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಡುವ ಕೆಲಸದಲ್ಲಿ ನಮ್ಮ ಇಗರ್ಜಿಗಳು ಪಳಗಿವೆ. ಹೋಗುವ ಕೆಲಸದಲ್ಲಿ ಅಷ್ಟಾಗಿ ಪಳಗಿಲ್ಲ. ಹೋಗುವುದಾದರೂ ನಮ್ಮದೇ ಬೇರೆ ದಾರಿ ಹಿಡಿದು ಹೋಗುವುದಕ್ಕಿಂತ, ಪಂಚಾಯತಿನ ಆರೋಗ್ಯ ವ್ಯವಸ್ಥೆ ಈಗಾಗಲೇ ಹಾಕಿರುವ ದಾರಿಯಲ್ಲಿ, ಅದು ತಲುಪಲಾಗದ ದಿನಗಳಲ್ಲಿ ಹೋಗುವುದು ಹೆಚ್ಚು ಉಪಯುಕ್ತ.

ನಮ್ಮ ಸ್ಥಿತಿಯೇ ಸ್ವಲ್ಪ ವಿಚಿತ್ರವಾದುದು. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ ಮುಂತಾದ ಇಗರ್ಜಿಗಳೆಲ್ಲ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. 1890ರಲ್ಲಿ ಬೇಳದ ಶೋಕಮಾತೆಯ ಇಗರ್ಜಿ ಆದಾಗ ಇದೆಲ್ಲವೂ ದಕ್ಷಿಣ ಕನ್ನಡ ಜಿಲ್ಲೆಯೇ ಆಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬದಲಾಯಿತು, ಧರ್ಮಪ್ರಾಂತ್ಯದ ಗೆರೆ ಬದಲಾಗಲಿಲ್ಲ. ಹೀಗಾಗಿ ನಮ್ಮ ಧರ್ಮಾಧ್ಯಕ್ಷರ (ಬಿಷಪರ) ನಿವಾಸ ಮಂಗಳೂರಿನ ಕೊಡಿಯಾಲಬೈಲಿನಲ್ಲಿದೆ, ನಮ್ಮ ಪಿಂಚಣಿಯ ಕಡತ ತಿರುವನಂತಪುರಕ್ಕೆ ಹೋಗುತ್ತದೆ. ಕಾಯಿಲೆ ಬಿದ್ದರೆ ನಮ್ಮ ಕಾಲು ತಾನಾಗಿ ಮಂಗಳೂರಿನ ಕಡೆ ತಿರುಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ ಎಂದು ಗೊತ್ತಾಗಿ ಮನೆಗೆ ಮರಳಿದ ಮೇಲೆ ಮಾತ್ರ ಕೇರಳದ ವ್ಯವಸ್ಥೆಯ ನೆನಪಾಗುತ್ತದೆ. ಈ ಎರಡರ ನಡುವೆ ಅನೇಕ ರೋಗಿಗಳು ಯಾರ ಪಟ್ಟಿಯಲ್ಲೂ ಇಲ್ಲದೆ ಉಳಿದುಬಿಡುತ್ತಾರೆ. ಮಂಗಳೂರಿನ ವೈದ್ಯರು ಮನೆಗೆ ಕಳುಹಿಸಿದ್ದು ಇಲ್ಲಿನ ಆರೋಗ್ಯ ಕೇಂದ್ರಕ್ಕೆ ತಿಳಿದಿರುವುದಿಲ್ಲ; ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಇಂಥದೊಂದು ಸೌಲಭ್ಯ ಇದೆಯೆಂಬುದು ಮನೆಯವರಿಗೆ ತಿಳಿದಿರುವುದಿಲ್ಲ. ಗುರಿಕಾರರಿಗೆ ಮಾತ್ರ ತಿಳಿದಿರುತ್ತದೆ, ಏಕೆಂದರೆ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ವಾಳೆಯಲ್ಲಿ ಗುಟ್ಟಾಗಿ ಉಳಿಯುವ ಸಂಗತಿಯಲ್ಲ.

ಮನೆಗೆ ಹೋಗುವ ಈ ಪದ್ಧತಿ ನಮ್ಮ ಧರ್ಮಸಭೆಗೆ ಹೊಸತೇನೂ ಅಲ್ಲ. ನಮ್ಮಲ್ಲಿ ಅನೇಕರು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರಿದ್ದೀರಿ. 1833ರ ಏಪ್ರಿಲಿನಲ್ಲಿ ಪ್ಯಾರಿಸಿನಲ್ಲಿ ಅದನ್ನು ಆರಂಭಿಸಿದವರಲ್ಲಿ ಮುಖ್ಯನಾದ ಫ್ರೆಡರಿಕ್ ಓಜಾನಾಮ್ ಆಗ ಇಪ್ಪತ್ತು ವರ್ಷದ ಕಾನೂನು ವಿದ್ಯಾರ್ಥಿ. ಅದರ ಹಿಂದಿನ ವರ್ಷವಷ್ಟೇ ಕಾಲರಾ ಆ ನಗರವನ್ನು ಹಿಂಡಿಹಾಕಿತ್ತು. ಚರ್ಚಾಕೂಟವೊಂದರಲ್ಲಿ ಎದುರಾಳಿಗಳು, ನಿಮ್ಮ ಧರ್ಮಸಭೆ ಹಿಂದೆ ಮಾಡಿದ್ದು ಇರಲಿ, ಈಗ ಬಡವರಿಗಾಗಿ ಮಾಡುತ್ತಿರುವುದೇನು ಎಂದು ಕೇಳಿದಾಗ ಆ ಹುಡುಗರ ಬಳಿ ಉತ್ತರವಿರಲಿಲ್ಲ. ಅವರು ಮಾಡಿದ ಮೊದಲ ಜಾಣತನದ ಕೆಲಸವೆಂದರೆ ತಾವೇ ಒಂದು ಯೋಜನೆ ಹೂಡದೆ, ಬಡವರ ಓಣಿಗಳಲ್ಲಿ ವರ್ಷಗಳಿಂದ ಓಡಾಡುತ್ತಿದ್ದ ರೊಸಾಲಿ ರೆಂಡು ಎಂಬ ಧರ್ಮಭಗಿನಿಯ ಬಳಿಗೆ ಹೋಗಿ, ಯಾವ ಮನೆಗೆ ಹೋಗಬೇಕು, ಹೋಗಿ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿ ಕಲಿತದ್ದು. ಆ ಸಭೆಯ ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಸಭೆಯ ಕೊನೆಗೆ ಒಂದು ಚೀಲ ಸುತ್ತು ಹೊಡೆಯುತ್ತದೆ, ಪ್ರತಿಯೊಬ್ಬರೂ ಅದರೊಳಗೆ ಕೈ ಇಳಿಸಿ ತೆಗೆಯುತ್ತಾರೆ; ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಪಕ್ಕದವನಿಗೂ ತಿಳಿಯುವುದಿಲ್ಲ. ದಾನಿಗಳ ಹೆಸರುಗಳನ್ನು ಫ್ಲೆಕ್ಸಿನಲ್ಲಿ ಕಟ್ಟುವ ನಮ್ಮ ಕಾಲದಲ್ಲಿ ಈ ಚೀಲದ ಪದ್ಧತಿ ಉಳಿದುಬಂದಿರುವುದೇ ಆಶ್ಚರ್ಯ.

ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಎಂಬ ಜರ್ಮನ್ ಯೇಸುಸಭೆಯ ಗುರುಗಳು ಆಲದ ಮರದ ಕೆಳಗೆ ಹೋಮಿಯೋಪಥಿ ಔಷಧ ಕೊಡಲು ತೊಡಗಿದ್ದು ಮುಂದೆ ದೊಡ್ಡ ಆಸ್ಪತ್ರೆಯಾಗಿ ಬೆಳೆದ ಕಥೆ ನಿಮಗೆಲ್ಲ ಗೊತ್ತಿದೆ, ಅದನ್ನು ಮತ್ತೆ ಹೇಳುವುದಿಲ್ಲ. ಆ ಪರಂಪರೆಯ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಅದರ ಪರಿಣಾಮವಾಗಿ, ಸೇವೆ ಎಂದೊಡನೆ ಕಟ್ಟಡ ಎಂದು ಯೋಚಿಸುವ ಅಭ್ಯಾಸವೂ ನಮಗೆ ಅಂಟಿಕೊಂಡಿದೆ.

ಕೇರಳದಲ್ಲಿ ಇದಕ್ಕೆ ತೀರ ಭಿನ್ನವಾದ ಒಂದು ಪ್ರಯೋಗ ನಡೆಯಿತು, ಮತ್ತು ಅದು ನಡೆದದ್ದು ನಮ್ಮದೇ ರಾಜ್ಯದ ಉತ್ತರದ ಜಿಲ್ಲೆಗಳಲ್ಲೇ ಆದರೂ ಮಂಗಳೂರಿನ ಕಡೆ ಮುಖ ಮಾಡಿಕೊಂಡಿದ್ದ ನಮ್ಮ ಗಮನಕ್ಕೆ ಅದು ತಡವಾಗಿ ಬಂತು. 1993ರಲ್ಲಿ ಕೋಝಿಕ್ಕೋಡು ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಸಂಗಡಿಗರು ನೋವು ನಿವಾರಣೆಗಾಗಿ, ವಾಸಿಯಾಗದ ಕಾಯಿಲೆಯವರ ಸಂಕಟ ತಗ್ಗಿಸುವ ಉಪಶಾಮಕ (ಪಾಲಿಯೇಟಿವ್) ಆರೈಕೆಗಾಗಿ ಒಂದು ಸಂಘವನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅವರಿಗೆ ಒಂದು ಸಂಗತಿ ಮನವರಿಕೆಯಾಯಿತು. ನೋವಿರುವ ಮನುಷ್ಯ ದಿನದ ಬಹುಪಾಲನ್ನು ಕಳೆಯುವುದು ಮನೆಯಲ್ಲಿ. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬರಲಾಗದವರೇ ಹೆಚ್ಚು ಕಷ್ಟದಲ್ಲಿರುವವರು. ಅದರ ಫಲವಾಗಿ 2000ದ ಆಸುಪಾಸಿನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರೇ ನಡೆಸುವ ಆರೈಕೆಯ ಜಾಲ ಬೆಳೆಯಿತು. ವಾರಕ್ಕೆ ಕನಿಷ್ಠ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಯಾರು ಬೇಕಾದರೂ ಸೇರಬಹುದಿತ್ತು. ಅವರಿಗೆ 16 ಗಂಟೆಗಳ ಪಾಠ, ಅದರ ಮೇಲೆ ರೋಗಿಗಳ ಜೊತೆ ಕೆಲವು ದಿನಗಳ ಪ್ರತ್ಯಕ್ಷ ತರಬೇತಿ. ರಿಕ್ಷಾ ಓಡಿಸುವವರು, ಅಂಗಡಿಯವರು, ಮನೆವಾರ್ತೆಯ ಹೆಂಗಸರು, ಕಾಲೇಜು ಮಕ್ಕಳು, ಮಸೀದಿಯ, ದೇವಸ್ಥಾನದ, ಇಗರ್ಜಿಯ ಜನ ಒಟ್ಟಿಗೆ ಕುಳಿತು ಇದನ್ನು ಕಲಿತರು. 2008ರಲ್ಲಿ ಕೇರಳ ಸರಕಾರ ಉಪಶಾಮಕ ಆರೈಕೆಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಭಾರತದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ಆ ನೀತಿಯ ಬೆನ್ನೆಲುಬಾದ ಪಂಚಾಯತು ಮಟ್ಟದ ಮನೆ ಆರೈಕೆ ಇಂದು ನಮ್ಮ ಊರಿನಲ್ಲೂ ಇದೆ.

ಅದು ನಡೆಯುವ ಕ್ರಮವನ್ನು ತಿಳಿದುಕೊಳ್ಳದೆ ನಾವು ಅದಕ್ಕೆ ಕೈಜೋಡಿಸಲಾಗದು. ಪಂಚಾಯತು ತನ್ನ ಯೋಜನಾ ಹಣದಿಂದ ಖರ್ಚು ಹಾಕುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಂದಿಕೊಂಡು ತರಬೇತಿ ಪಡೆದ ಒಬ್ಬ ಪಾಲಿಯೇಟಿವ್ ನರ್ಸ್ ಇರುತ್ತಾರೆ. ಅವರು ವಾಹನದಲ್ಲಿ, ಆಯಾ ವಾರ್ಡಿನ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆಗೆ ಹೋಗುತ್ತಾರೆ. ಹುಣ್ಣಿಗೆ ಮದ್ದು ಕಟ್ಟುತ್ತಾರೆ, ಮೂತ್ರದ ನಳಿಗೆಯಾದ ಕ್ಯಾಥೆಟರ್ ಬದಲಿಸುತ್ತಾರೆ, ಆಹಾರ ಕೊಡುವ ಮೂಗಿನ ನಳಿಗೆಯನ್ನು ನೋಡುತ್ತಾರೆ, ವೈದ್ಯರಿಗೆ ವರದಿ ಮಾಡುತ್ತಾರೆ. ಪಟ್ಟಿ ಉದ್ದವಾದಷ್ಟೂ ಒಂದು ಮನೆಗೆ ಮತ್ತೆ ಬರುವ ಸರದಿ ದೂರವಾಗುತ್ತದೆ. ಸಿಸ್ಟರ್ ಇಲ್ಲೇ ಕುಳಿತಿದ್ದಾರೆ, ನಾನು ಹೇಳಿದ್ದು ತಪ್ಪಿದ್ದರೆ ತಿದ್ದಲಿ: ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವಿನ ದಿನಗಳಲ್ಲಿ ಏನಾಯಿತು ಎಂಬುದನ್ನು ನೋಡಿ ಹೇಳಬಲ್ಲ ಒಂದು ಜೊತೆ ಕಣ್ಣು ಅವರಿಗೆ ಬೇಕಾಗಿದೆ. ನಮ್ಮ ಕೆಲಸ ಅಲ್ಲಿದೆ.

ಆ ದಿನಗಳಲ್ಲಿ ನಾವು ನೋಡಬೇಕಾದದ್ದೇನು? ಪಾರ್ಶ್ವವಾಯು ಬಡಿದು ಮಲಗಿರುವವರ ಬೆನ್ನಿನ ಕೆಳಭಾಗ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ. ಈ ಜಾಗಗಳಲ್ಲಿ ಚರ್ಮ ಕೆಂಪಾಗಿ, ಅಥವಾ ಕಪ್ಪು ಮೈಬಣ್ಣದವರಲ್ಲಿ ಇನ್ನಷ್ಟು ಕಪ್ಪಾಗಿ, ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗದೆ ನಿಂತರೆ ಹುಣ್ಣು ಹೊರಟಿದೆ ಎಂದೇ ಅರ್ಥ. ಅಂದೇ ಹೇಳಿದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ದಿಂಬು ಇಟ್ಟು ಅದನ್ನು ಅಲ್ಲಿಗೇ ನಿಲ್ಲಿಸಬಹುದು. ಹತ್ತು ದಿನ ಬಿಟ್ಟು ಹೇಳಿದರೆ ಮೂಳೆ ಕಾಣುವಷ್ಟು ಆಳಕ್ಕೆ ಇಳಿದಿರಬಹುದು. ವಾಟರ್ ಬೆಡ್ ಇದೆಯಲ್ಲ, ಇನ್ನು ಮಗ್ಗುಲು ಬದಲಿಸಬೇಕಾಗಿಲ್ಲ ಎಂದು ನಂಬಿದ ಮನೆಗಳು ಎಷ್ಟೋ ಇವೆ. ಆ ಹಾಸಿಗೆ ಒತ್ತಡವನ್ನು ಹಂಚುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ ತೂಗುಹಾಕಿದ್ದಾರೆಯೇ, ನಳಿಗೆ ಎಲ್ಲಾದರೂ ಮಡಚಿಕೊಂಡಿದೆಯೇ, ಮೂತ್ರ ಕಲಕಾಗಿದೆಯೇ, ಚೀಲ ಬೆಳಗಿನಿಂದ ಖಾಲಿಯೇ ಇದೆಯೇ ಎಂಬುದನ್ನು ನೋಡಬೇಕು. ಮೂಗಿನ ನಳಿಗೆಯಲ್ಲಿ ಗಂಜಿ ತಿಳಿ ಕೊಡುವಾಗ ತಲೆಯ ಕಡೆ ಎತ್ತರಿಸಿದ್ದಾರೆಯೇ, ಕೊಟ್ಟ ಮೇಲೂ ಅರ್ಧ ಗಂಟೆಯಾದರೂ ಹಾಗೆಯೇ ಇರಿಸಿದ್ದಾರೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಮಲಗಿಸಿಯೇ ಕೊಟ್ಟದ್ದು ಶ್ವಾಸಕೋಶಕ್ಕೆ ಹೋದರೆ ಅದೇ ಪ್ರಾಣಕ್ಕೆ ಮುಳುವಾಗುತ್ತದೆ.

ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟ ಮನೆಗಳಲ್ಲಿ ನಮ್ಮ ಜವಾಬ್ದಾರಿ ಇನ್ನೂ ಸ್ವಲ್ಪ ಹೆಚ್ಚು. ಸಾಧಾರಣ ಮಾರ್ಫಿನ್ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯ ಆಸುಪಾಸು ನಿಲ್ಲುತ್ತದೆ. ಅದಕ್ಕಾಗಿ ಹೊತ್ತು ಹೊತ್ತಿಗೆ ಕೊಡಬೇಕೇ ಹೊರತು ನೋವು ಬಂದಾಗ ನೋಡೋಣ ಎಂದು ಕಾಯಬಾರದು. ಮನೆಯವರು ಮಾತ್ರ, ಚಟ ಹತ್ತೀತು ಎಂಬ ಹೆದರಿಕೆಯಿಂದ, ರೋಗಿ ನರಳಿ ಕೂಗಿದ ಮೇಲಷ್ಟೇ ಡಬ್ಬಿ ತೆರೆಯುತ್ತಾರೆ. ಮಲಬದ್ಧತೆ ಅದರ ಜೊತೆಗೇ ಬರುವುದರಿಂದ ವೈದ್ಯರು ಇನ್ನೊಂದು ಮದ್ದನ್ನೂ ಬರೆದಿರುತ್ತಾರೆ, ಅದನ್ನು ಅನಗತ್ಯವೆಂದು ಬದಿಗಿಟ್ಟಿರುತ್ತಾರೆ. ಪ್ರಮಾಣ ಬದಲಿಸುವುದು, ಮಾತ್ರೆ ನಿಲ್ಲಿಸುವುದು, ನಮ್ಮ ಅತ್ತೆಗೆ ಇದು ಹಿಡಿಸಿತ್ತು ಎಂದು ಇನ್ನೊಂದನ್ನು ಸೂಚಿಸುವುದು, ಇವು ಯಾವುವೂ ನಮ್ಮ ಕೆಲಸಗಳಲ್ಲ. ಕೊಡುತ್ತಿದ್ದಾರೆಯೇ, ಎಷ್ಟು ಹೊತ್ತಿಗೆ ಕೊಡುತ್ತಿದ್ದಾರೆ, ರಾತ್ರಿ ನಿದ್ದೆ ಬಂತೇ ಎಂದು ಕೇಳಿ, ಬರೆದು, ಸಿಸ್ಟರ್‌ಗೆ ತಿಳಿಸುವುದು ನಮ್ಮ ಕೆಲಸ. ಸಪ್ತಭಾಷೆಗಳ ಈ ನೆಲದಲ್ಲಿ ಇದೇನು ಸಣ್ಣ ಕೆಲಸವಲ್ಲ. ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದ ವೈದ್ಯರ ಎದುರು ತುಳುವಿನಲ್ಲೋ ಮರಾಟಿಯಲ್ಲೋ ಬ್ಯಾರಿಯಲ್ಲೋ ಮಾತ್ರ ತನ್ನ ಸಂಕಟವನ್ನು ಹೇಳಬಲ್ಲ ಅಜ್ಜಿಯೊಬ್ಬರು "ಒಳ್ಳೆಯದಿದೆ" ಎಂದು ಮುಗಿಸಿಬಿಡುತ್ತಾರೆ. ವೈದ್ಯರು ಹಾಗೆಯೇ ಬರೆದುಕೊಳ್ಳುತ್ತಾರೆ. ಅದೇ ಅಜ್ಜಿ ನಿಮ್ಮೆದುರು, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿರುವ ಸೊಸೆಗೆ ಕೇಳಿಸದ ಹಾಗೆ, ನೋವು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತಾರೆ.

ಇನ್ನು ರೋಗಿಯನ್ನು ನೋಡಿಕೊಳ್ಳುವವರ ವಿಚಾರ. ಇದರ ಬಗ್ಗೆ ನಾನು ಹೆಚ್ಚು ಹೊತ್ತು ಮಾತನಾಡಲೇಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ತೂಕವಿದೆ. 1970ರ ದಶಕದ ಕೊನೆಯಿಂದ 2000ದ ವರೆಗೆ ಸರಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗುಡ್ಡದ ಮೇಲೆ ಗೇರು, ಗುಡ್ಡದ ಬುಡದಲ್ಲಿ ಮನೆ, ತೋಡು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ. ಮೇಲೆ ಬಿದ್ದದ್ದು ಕೆಳಗೆ ಇಳಿಯುವುದಕ್ಕೆ ಬೇರೆ ದಾರಿ ಬೇಕಿರಲಿಲ್ಲ. ಎಣ್ಮಕಜೆ, ಕುಂಬ್ಡಾಜೆ, ಬದಿಯಡ್ಕ, ಬೆಳ್ಳೂರು, ಕಾರಡ್ಕ, ಮುಳಿಯಾರು ಸೇರಿದಂತೆ ಹನ್ನೊಂದು ಪಂಚಾಯತುಗಳನ್ನು ಬಾಧಿತವೆಂದು ಗುರುತಿಸಲಾಗಿದೆ. ಪಡ್ರೆಯ ವಾಣಿನಗರದಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುತ್ತಿದ್ದ ಕಾಯಿಲೆಗಳಲ್ಲಿ ಏನೋ ಅಸಹಜವಿದೆ ಎಂದು ಮೊದಲು ಗುರುತಿಸಿದವರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದವರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಈ ಕೀಟನಾಶಕವನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ರಾಜ್ಯಕ್ಕೆ ಆದೇಶಿಸಿತು.

ಆದೇಶಗಳ ದಿನಾಂಕಗಳನ್ನು ಹೇಳುವುದು ಸುಲಭ. ಆ ಮನೆಗಳಲ್ಲಿ ಮಗುವಾಗಿದ್ದವರು ಇಂದು ಮೂವತ್ತು ದಾಟಿದ್ದಾರೆ, ಅವರನ್ನು ಎತ್ತಿ ಸ್ನಾನ ಮಾಡಿಸುತ್ತಿದ್ದ ತಾಯಿಗೆ ಅರುವತ್ತು ದಾಟಿದೆ. ಮಗ ಭಾರವಾಗಿದ್ದಾನೆ, ತಾಯಿಯ ಸೊಂಟ ಸೋತಿದೆ. ಅಂಥ ತಾಯಂದಿರಲ್ಲಿ ಒಬ್ಬರು ನನ್ನೊಡನೆ ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ: "ಅಕ್ಕಾ, ಅಕ್ಕಿ ಕೊಡುವವರು ತುಂಬ ಜನ ಇದ್ದಾರೆ. ನನಗೆ ಒಂದು ಮದುವೆಗೆ ಹೋಗಿ ಕೂತು ಊಟ ಮಾಡಿ ಬರಬೇಕು." ಇದಕ್ಕೆ ಉತ್ತರವಾಗಿ ನಾವು ಮಾಡಬಹುದಾದದ್ದು ಬಹಳ ಸರಳ. ತರಬೇತಿ ಪಡೆದ ಇಬ್ಬರು, ಆ ಮಗನಿಗೆ ಮುಖ ಪರಿಚಯವಿರುವ ಇಬ್ಬರು, ನಿಶ್ಚಿತ ದಿನ ಬೆಳಗ್ಗೆ ಹತ್ತರಿಂದ ಒಂದರ ವರೆಗೆ ಆ ಮನೆಯಲ್ಲಿ ಕುಳಿತುಕೊಳ್ಳುವುದು. ತಾಯಿ ಬ್ಯಾಂಕಿಗೆ ಹೋಗಲಿ, ತವರಿಗೆ ಹೋಗಲಿ, ಅಥವಾ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡಲಿ. ಎಲ್ಲಿಗೆ ಹೋದಿರಿ ಎಂದು ಮರಳಿದ ಮೇಲೆ ವಿಚಾರಿಸಬೇಕಾಗಿಲ್ಲ. ತನ್ನ ಕಾಲದ ನಂತರ ಮಗನ ಗತಿಯೇನು ಎಂದು ಆಕೆ ಕೇಳಿದರೆ, ದೇವರಿದ್ದಾನೆ ಎಂದು ಹೇಳಿ ಎದ್ದುಬರಬೇಡಿ. ಉತ್ತರ ನಮ್ಮ ಬಳಿ ಇಲ್ಲ, ಅದು ಸರಕಾರ ಮತ್ತು ನಾವೆಲ್ಲರೂ ಸೇರಿ ಹುಡುಕಬೇಕಾದ ಉತ್ತರ. ಕೇಳಿದ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ಹೊತ್ತಾದರೂ ಕುಳಿತಿರಿ.

ಹೇಳಿದ ದಿನ ಹೋಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಮಂಗಳವಾರ ಬರುತ್ತೇವೆ ಎಂದರೆ ಆ ತಾಯಿ ಮಂಗಳವಾರಕ್ಕೆ ಮೂರು ಕೆಲಸ ಕೂಡಿಟ್ಟಿರುತ್ತಾಳೆ. ನಾವು ಬರದಿದ್ದರೆ ಆಕೆ ಬೈಯುವುದಿಲ್ಲ, ಮುಂದೆ ಏನನ್ನೂ ಕೂಡಿಡುವುದಿಲ್ಲ, ಅಷ್ಟೇ. ಮಳೆಗಾಲದಲ್ಲಿ ತೋಡು ತುಂಬಿ ಸಂಕ ದಾಟಲಾಗದ ದಿನಗಳು ಬರುತ್ತವೆ. ಅಂದು ಒಂದು ಫೋನ್ ಸಾಕು. ಮಾತೆ ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಗಡಿಬಿಡಿ, ವಾರ್ಷಿಕ ಹಬ್ಬದ ತಯಾರಿ, ಯಾರದೋ ಮದುವೆಯ ಮುಂಚಿನ ರೋಸ್ ಶಾಸ್ತ್ರ ಇವೆಲ್ಲ ಎಲ್ಲರಿಗೂ ಇರುತ್ತವೆ. ಒಬ್ಬರ ಬದಲು ಇನ್ನೊಬ್ಬರು ಹೋಗುವಂತೆ ಪ್ರತಿ ಮನೆಗೆ ಮೂವರನ್ನು ಹಚ್ಚಬೇಕೆಂದು ನಾನು ಧರ್ಮಗುರುಗಳಲ್ಲಿ ಕೇಳಿಕೊಂಡಿದ್ದೇನೆ. ನಮ್ಮ ಯುವಕರಲ್ಲಿ ಬಹುಪಾಲು ಗಲ್ಫಿನಲ್ಲಿ, ಉಳಿದವರು ಮಂಗಳೂರಿನ ಕಾಲೇಜುಗಳಲ್ಲಿ. ಊರಲ್ಲಿ ಉಳಿದಿರುವವರು ಐವತ್ತು ದಾಟಿದ ಹೆಂಗಸರು ಮತ್ತು ನನ್ನಂಥ ನಿವೃತ್ತರು. ಇದನ್ನು ಕೊರತೆ ಎಂದು ಕೆಲವರು ಹೇಳುತ್ತಾರೆ. ನನಗಂತೂ ಹಾಗೆ ತೋರುವುದಿಲ್ಲ, ಏಕೆಂದರೆ ಮನೆಯಲ್ಲಿ ಮುದುಕರನ್ನು ನೋಡಿಕೊಂಡ ಕೈಗಳಿಗೆ ಹೊಸದಾಗಿ ಕಲಿಸಬೇಕಾದದ್ದು ಕಡಿಮೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಂಗಿನ ತೋಟದ ತಳದಿಂದ ರಿಕ್ಷಾ ನಿಲ್ಲುವ ರಸ್ತೆಯ ವರೆಗೆ ಹೊತ್ತು ತರುವುದಕ್ಕೆ ಮಾತ್ರ ಹುಡುಗರು ಬೇಕೇ ಬೇಕು.

ಕಾಗದಪತ್ರಗಳ ಕೆಲಸವನ್ನು ನಮ್ಮಲ್ಲಿ ಯಾರೂ ಸೇವೆ ಎಂದು ಲೆಕ್ಕ ಹಾಕುವುದಿಲ್ಲ. ಹಾಸಿಗೆ ಹಿಡಿದವರನ್ನು ಪೂರ್ಣಕಾಲ ನೋಡಿಕೊಳ್ಳುವವರಿಗೆ ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಯೋಜನೆಯಿದೆ, ತಿಂಗಳಿಗೆ 600 ರೂಪಾಯಿ ಎಂದು ನಿಗದಿಯಾದದ್ದು, ಎಂಡೋಸಲ್ಫಾನ್ ಸಂತ್ರಸ್ತರಿಗೆ ಸ್ನೇಹಸಾಂತ್ವನಂ ಎಂಬ ಯೋಜನೆಯಿದೆ, ಅಂಗವೈಕಲ್ಯದ ಪಿಂಚಣಿಯಿದೆ. ಮೊತ್ತ ಸಣ್ಣದು, ಕೆಲವೊಮ್ಮೆ ತಡವಾಗಿ ಬರುತ್ತದೆ, ಆದರೆ ಅದು ಅವರ ಹಕ್ಕು, ನಮ್ಮ ಅಕ್ಕಿಯ ಚೀಲದ ಹಾಗೆ ನಮ್ಮ ಮರ್ಜಿಗೆ ಬಿಟ್ಟದ್ದಲ್ಲ. ಅರ್ಜಿ ಮಲಯಾಳದಲ್ಲಿರುತ್ತದೆ, ವೈದ್ಯರ ಪ್ರಮಾಣಪತ್ರ ಬೇಕು, ಆಧಾರಿನ ಹೆಸರಿಗೂ ಬ್ಯಾಂಕಿನ ಹೆಸರಿಗೂ ತಾಳೆಯಾಗಬೇಕು, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಬೇಕು, ಬದುಕಿದ್ದೇನೆ ಎಂದು ಆಗಾಗ ರುಜುವಾತು ಮಾಡಬೇಕು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದ ಮನುಷ್ಯ ಇಲ್ಲಿ ಎಡವುವುದು ಸಹಜ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಇಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು ಕೊಟ್ಟಿದೆ. ಆ ಹಕ್ಕನ್ನು ಕೇಳಬೇಕು, ಬರಹದಲ್ಲಿ ಕೇಳಬೇಕು. ಆದರೆ ಉತ್ತರ ಬರುವ ವರೆಗೆ ರೋಗಿಯ ಅರ್ಜಿ ಕಾಯಬಾರದು; ಮಲಯಾಳ ಓದಬಲ್ಲ ನಮ್ಮ ಮಕ್ಕಳು ಒಂದು ಸಂಜೆ ಕುಳಿತು ತುಂಬಿಸಿಕೊಡಲಿ. ಹೋರಾಟವನ್ನು ರೋಗಿಯ ಬೆನ್ನ ಮೇಲೆ ಹೊರಿಸಿ ಮಾಡುವುದು ನ್ಯಾಯವಲ್ಲ.

ಮಂಗಳೂರಿಗೆ ಕರೆದೊಯ್ಯುವ ಪ್ರಶ್ನೆಯೂ ಇದೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಡಯಾಲಿಸಿಸ್, ಹೃದಯ ಚಿಕಿತ್ಸೆ ಎಂದು ಆ ಕಡೆಯನ್ನೇ ನಂಬಿದ್ದ ನಮ್ಮ ಜನ ದಿಕ್ಕೆಟ್ಟರು. ಆಸ್ಪತ್ರೆ ಮುಟ್ಟಲಾಗದೆ ಪ್ರಾಣಬಿಟ್ಟವರ ಸುದ್ದಿ ಆ ದಿನಗಳಲ್ಲಿ ಒಂದರ ಮೇಲೊಂದು ಬಂತು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಅರೆಬರೆ ಕಟ್ಟಡವನ್ನು ಆ ಏಪ್ರಿಲಿನಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆಯಬೇಕಾಯಿತು. ಆ ಅನುಭವದಿಂದ ನಾವು ಹಿಡಿದುಕೊಳ್ಳಬೇಕಾದ ಸಂಗತಿ ಬಹಳ ಚಿಕ್ಕದು: ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುವ ಪ್ರತಿಯೊಬ್ಬ ರೋಗಿಯ ಹೆಸರೂ ಇಲ್ಲಿನ ಆರೋಗ್ಯ ಕೇಂದ್ರದ ಪಟ್ಟಿಯಲ್ಲಿ ಇರಬೇಕು, ಅಲ್ಲಿಂದ ಬಿಡುಗಡೆಯಾದಾಗ ಕೊಟ್ಟ ವರದಿಯ ಒಂದು ಪ್ರತಿ ಇಲ್ಲಿನ ಸಿಸ್ಟರ್ ಬಳಿ ಇರಬೇಕು. ಕೇರಳದ ಆರೋಗ್ಯ ವಿಮೆಯ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಯಾವುದರಲ್ಲಿ ನಡೆಯುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ಫೋನ್ ಮಾಡಿ ಕೇಳುವುದೂ ನಮ್ಮ ಕೆಲಸವೇ.

ಮುಜುಗರವಾದರೂ ಆಡಲೇಬೇಕಾದ ಮಾತೊಂದಿದೆ. ನಾವು ಹೋಗುವ ಮನೆಗಳಲ್ಲಿ ಬಹುಪಾಲು ಕ್ರೈಸ್ತರದಲ್ಲ. ಇಗರ್ಜಿಯವರು ಯಾಕೆ ಬಂದರು ಎಂಬ ಅನುಮಾನ ಇಂದಿನ ದಿನಗಳಲ್ಲಿ ಬರುವುದು ಸಹಜ, ಬಂದರೆ ಅದಕ್ಕೆ ನಾವು ಬೇಸರಪಡುವುದರಲ್ಲಿ ಅರ್ಥವಿಲ್ಲ. ಹಿರಿಯರೊಬ್ಬರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಬಾಯಮ್ಮಾ, ಬರುವುದಕ್ಕೆ ಅಡ್ಡಿಯಿಲ್ಲ, ಆದರೆ ನನ್ನನ್ನು ಇಗರ್ಜಿಗೆ ಕರೆಯಬಾರದು" ಎಂದು ಕರಾರು ಮಾಡಿಕೊಂಡಿದ್ದರು. ಅಂಥ ನೇರ ಮಾತು ನನಗೆ ಇಷ್ಟ. ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆಯ ಜೊತೆಗೇ ಮೊದಲ ಭೇಟಿಗೆ ಹೋಗಬೇಕು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಅವರ ಜೊತೆ ಹೋದಾಗ ನಾವು ಪಂಚಾಯತಿನ ಸ್ವಯಂಸೇವಕರು, ಬೇರೇನೂ ಅಲ್ಲ. ರೋಗಿ ತಾನಾಗಿ ಕೇಳದೆ ಪ್ರಾರ್ಥಿಸಬಾರದು, ಕರಪತ್ರ, ಜಪಸರ, ತೀರ್ಥದ ಬಾಟಲಿ ಒಯ್ಯಬಾರದು. ನಮ್ಮವರೇ ಆದ ರೋಗಿಗಳು ಪರಮಪ್ರಸಾದ ಬೇಕೆಂದರೆ ಧರ್ಮಗುರುಗಳಿಗೆ ತಿಳಿಸಬೇಕು. ಅದನ್ನು ಬೇರೆಯದೇ ದಿನ ಇಟ್ಟುಕೊಳ್ಳುವುದು ಲೇಸು. ಕಂಡದ್ದನ್ನು, ಕೇಳಿದ್ದನ್ನು ವಾಳೆಯ ಕೂಟದಲ್ಲಿ ಹೇಳಬಾರದು. ಯಾರ ಮನೆಯಲ್ಲಿ ಸೊಸೆ ಸರಿಯಾಗಿ ನೋಡುವುದಿಲ್ಲ ಎಂಬ ಮಾತು ನಮ್ಮ ಬಾಯಿಂದ ಒಮ್ಮೆ ಹೊರಬಿದ್ದರೆ ಇನ್ನೊಂದು ಮನೆಯ ಬಾಗಿಲು ನಮಗೆ ತೆರೆಯುವುದಿಲ್ಲ. ಫೋಟೋ ಬೇಡವೇ ಬೇಡ. ಹಾಸಿಗೆಯ ಮೇಲೆ ಅರೆಬಟ್ಟೆಯಲ್ಲಿ ಮಲಗಿರುವ ಮನುಷ್ಯನ ಪಕ್ಕದಲ್ಲಿ ಕಿಟ್ ಹಿಡಿದು ನಿಂತ ನಾಲ್ವರ ಚಿತ್ರ ವಾಟ್ಸಾಪಿನಲ್ಲಿ ಓಡಾಡುವುದನ್ನು ನೋಡಿದಾಗಲೆಲ್ಲ ಆ ಮನುಷ್ಯನ ಒಪ್ಪಿಗೆಯನ್ನು ಯಾರಾದರೂ ಕೇಳಿದ್ದರೇ ಎಂದು ನನಗೆ ಅನ್ನಿಸುತ್ತದೆ.

ಉಪಕರಣಗಳ ಬಗ್ಗೆ ಎರಡು ಮಾತು ಸಾಕು. ಗಾಲಿಕುರ್ಚಿ, ವಾಟರ್ ಬೆಡ್, ಮಡಚುವ ಮಂಚ, ಆಮ್ಲಜನಕದ ಯಂತ್ರ ಇವನ್ನು ದಾನ ಮಾಡಲು ಗಲ್ಫಿನಲ್ಲಿರುವ ನಮ್ಮ ಮಕ್ಕಳು ಸದಾ ಮುಂದೆ ಬರುತ್ತಾರೆ. ಅವು ಮರಳಿ ಬಂದಾಗ ತೊಳೆದು, ಒಣಗಿಸಿ, ತೂತಾದದ್ದಕ್ಕೆ ಪಟ್ಟಿ ಹಚ್ಚಿ, ಯಾರ ಮನೆಯಲ್ಲಿ ಯಾವುದಿದೆ ಎಂದು ಪುಸ್ತಕದಲ್ಲಿ ಬರೆದಿಡುವವರು ಬೇಕು. ಪಂಚಾಯತಿನಲ್ಲೂ ಇಂಥ ಸಾಮಾನು ಇದೆ. ಎರಡರ ಲೆಕ್ಕವೂ ಒಂದೇ ಪುಸ್ತಕದಲ್ಲಿದ್ದರೆ, ಒಂದು ಮನೆಯಲ್ಲಿ ಎರಡು ಗಾಲಿಕುರ್ಚಿ, ಇನ್ನೊಂದರಲ್ಲಿ ಒಂದೂ ಇಲ್ಲ ಎಂಬ ಸ್ಥಿತಿ ತಪ್ಪುತ್ತದೆ.

ಉಪನ್ಯಾಸದ ನಂತರ ಸಭೆಯಲ್ಲಿ ಹಿರಿಯರೊಬ್ಬರು, ಇಷ್ಟೆಲ್ಲ ಮಾಡುವ ಬದಲು ನಮ್ಮ ಇಗರ್ಜಿಯ ಹೆಸರಿನಲ್ಲೇ ಒಂದು ಆಂಬುಲೆನ್ಸ್ ಕೊಳ್ಳಬಾರದೇ, ಹಣ ಕೊಡಲು ಜನರಿದ್ದಾರಲ್ಲ ಎಂದು ಕೇಳಿದರು. ಪ್ರಶ್ನೆ ಪ್ರಾಮಾಣಿಕವಾದುದರಿಂದ ನನ್ನ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಆಂಬುಲೆನ್ಸನ್ನು ಕೊಳ್ಳುವುದು ಒಮ್ಮೆಯ ಖರ್ಚು. ರಾತ್ರಿ ಎರಡು ಗಂಟೆಗೆ ಎದ್ದುಬರುವ ಚಾಲಕನ ಸಂಬಳ, ವಿಮೆ, ಡೀಸೆಲ್, ಟಯರು ಇವು ಪ್ರತಿ ತಿಂಗಳ ಖರ್ಚು, ಮತ್ತು ಉದ್ಘಾಟನೆಗೆ ಹಣ ಕೊಟ್ಟವರು ಟಯರಿಗೆ ಕೊಡುವುದಿಲ್ಲ. ಕರೆದರೆ ಬರುವ ಆಂಬುಲೆನ್ಸುಗಳು ಈಗ ನಮ್ಮ ರಸ್ತೆಯಲ್ಲಿ ಇವೆ. ಇಲ್ಲದಿರುವುದು, ಅದನ್ನು ಕರೆಯಬೇಕಾದ ಸ್ಥಿತಿ ಬರುವುದಕ್ಕೆ ಹತ್ತು ದಿನ ಮೊದಲು ಹಿಮ್ಮಡಿಯ ಕೆಂಪನ್ನು ನೋಡಿ ಹೇಳುವವರು. ಹಣ ಕೊಡಲೇಬೇಕೆಂದಿರುವವರು ಪಂಚಾಯತಿನ ಮನೆ ಆರೈಕೆಯ ವಾಹನ ತಿಂಗಳಲ್ಲಿ ಇನ್ನೂ ಕೆಲವು ದಿನ ಓಡುವುದಕ್ಕೆ ಏನು ಬೇಕು ಎಂದು ಪಂಚಾಯತು ಅಧ್ಯಕ್ಷರನ್ನೇ ಕೇಳಲಿ. ಆ ವಾಹನದ ಮೇಲೆ ನಮ್ಮ ಇಗರ್ಜಿಯ ಹೆಸರು ಇರುವುದಿಲ್ಲ ಎಂಬುದನ್ನು ಮಾತ್ರ ಅವರಿಗೆ ಮೊದಲೇ ತಿಳಿಸಿಬಿಡಬೇಕು ಎಂದೆ. ಅವರು ನಕ್ಕು, ಹಾಗಾದರೆ ಹಣ ಸ್ವಲ್ಪ ಕಡಿಮೆ ಬಂದೀತು ಎಂದರು. ಬರಲಿ, ಬಂದಷ್ಟರಲ್ಲಿ ಆರಂಭಿಸೋಣ ಎಂದು ಧರ್ಮಗುರುಗಳು ಹೇಳಿ, ಸಿಸ್ಟರ್ ಅವರನ್ನು ಮುಂದಿನ ಪಾಠಕ್ಕೆ ಕರೆದರು.